ಅತ್ತೆಗೊಂದು ಕಾಲು

ಕಣ್ಣಿಗೆ ಹನಿ ಹಾಕಿಸಿಕೊಂಡು ಆಸ್ಪತ್ರೆಯಿಂದ ಮರಳಿದ ಟೈಲರಮ್ಮನಿಗೆ ಮನೆಯೆಲ್ಲ ಮಂಜುಮಂಜಾಗಿ ಕಾಣುತ್ತಿತ್ತು. ಆದರೂ ಬಾಲ್ಕನಿಯಲ್ಲಿ ಯಾರೋ ಮುದುರಿಕೊಂಡು ಕೂತಿರುವುದು ಮಾತ್ರ ಕಣ್ಣಿಗೆ ಬಿತ್ತು.

"ಯಾರ್ರೀ ಅದು, ನೀಲಿ ಕಂಬಳಿ ಹೊದ್ಕೊಂಡು ಕೂತಿರೋದು?"

ಗಂಡ ಚಪ್ಪಲಿ ಬಿಚ್ಚುವ ನೆಪದಲ್ಲಿ ಬಗ್ಗಿದ. ಮೂವತ್ತೊಂದು ವರ್ಷ ಬಸ್ ಕಂಡಕ್ಟರಾಗಿದ್ದು ನಿವೃತ್ತನಾದವನು. ಯಾವ ಸ್ಟಾಪಿನಲ್ಲಿ ಗಲಾಟೆ ಹತ್ತುತ್ತದೆ ಎಂಬುದು ಅವನಿಗೆ ಮೊದಲೇ ಗೊತ್ತಾಗುತ್ತಿತ್ತು.

ಟೈಲರಮ್ಮ ಹತ್ತಿರ ಹೋಗಿ ಮುಟ್ಟಿ ನೋಡಿದಳು. ಕಂಬಳಿಯಲ್ಲ, ಪ್ಲಾಸ್ಟಿಕ್ ಹಾಳೆ. ಹಾಳೆಯ ಕೆಳಗೆ ತಣ್ಣನೆಯ ಕಬ್ಬಿಣ, ದೊಡ್ಡ ಚಕ್ರ, ಕಾಲಿಡುವ ಜಾಲರಿಯ ಹಲಗೆ. ನಲವತ್ತು ವರ್ಷ ತಾನು ತುಳಿದ ಹೊಲಿಗೆ ಮೆಷಿನ್ನು. ಅದರ ತಲೆಯ ಮೇಲೆ ತಂತಿಗೆ ಹಾಕಿದ ಮಗನ ಪ್ಯಾಂಟು ತೊಟ್ಟುತೊಟ್ಟಾಗಿ ನೀರು ಸುರಿಸುತ್ತಿತ್ತು.

ಮೆಷಿನ್ನು ಇದ್ದ ಹಿಂದಿನ ಕೋಣೆಗೆ ನಡೆದರೆ, ಅಲ್ಲಿ ಬಾಗಿಲಿನಿಂದ ಕಿಟಕಿಯವರೆಗೂ ಡ್ರಮ್ಮುಗಳು. ದೊಡ್ಡದೊಂದು, ಸಣ್ಣವು ನಾಲ್ಕು, ಮೇಲೆ ತಟ್ಟೆಗಳಂತೆ ಹಿತ್ತಾಳೆಯವು. ಸೊಸೆಯವು. ಇಷ್ಟು ದಿನ ಅವು ಯಾರದೋ ಗ್ಯಾರೇಜಿನಲ್ಲಿದ್ದವು. ಸೊಸೆ ವಾರಕ್ಕೆರಡು ದಿನ ಅಲ್ಲಿಗೆ ಹೋಗಿ ಬಾರಿಸಿ ಬರುತ್ತಿದ್ದಳು. ಅಲ್ಲಿದ್ದಾಗ ಅವು ಮನೆಯವರಿಗೆ ಬರೀ ಸುದ್ದಿಯಾಗಿದ್ದವು.

"ಗ್ಯಾರೇಜು ಖಾಲಿ ಮಾಡಿ ಅಂದ್ರಮ್ಮ. ಬೇರೆ ಜಾಗ ಎಲ್ಲಿದೆ?" ಎಂದ ಮಗ. ಇಡೀ ಊರಿನ ಲಿಫ್ಟುಗಳನ್ನು ನಿಲ್ಲಬೇಕಾದ ಮಹಡಿಯಲ್ಲೇ ನಿಲ್ಲಿಸುವ ಮೆಕ್ಯಾನಿಕ್ಕು ಅವನು. ತಾನು ಎಲ್ಲಿ ನಿಲ್ಲಬೇಕೆಂಬುದು ಮಾತ್ರ ತಿಳಿಯದು. "ಎರಡು ವರ್ಷದಿಂದ ನೀನು ಆ ಮೆಷಿನ್ನನ್ನ ಮುಟ್ಟೇ ಇಲ್ವಲ್ಲ."

"ನಿನಗೆ ಸ್ನಾನ ಮಾಡಿಸಿ ಮೂವತ್ತು ವರ್ಷ ಆಯ್ತು. ನಿನ್ನನ್ನೂ ಬಾಲ್ಕನಿಗೆ ಹಾಕ್ಲಾ?"

ಸೊಸೆ ಅಡುಗೆಮನೆಯಿಂದ ಓಡಿಬಂದಳು. ಕೈಯಲ್ಲಿ ಸೌಟು ಹಾಗೇ ಇತ್ತು. "ಅಂದ್ರೆ ಅತ್ತೆಯನ್ನ ನೀವು ಕೇಳಿರಲಿಲ್ವಾ? ಕೇಳಿದೀನಿ, ಒಪ್ಪಿದಾರೆ ಅಂದ್ರಲ್ಲ ನೀವು?"

ಮಗ ತಲೆ ಕೆರೆದುಕೊಂಡ. "ಕೇಳ್ಬೇಕು ಅಂತಿದ್ದೆ."

"ನಿಮಗೆ ಗೊತ್ತಿಲ್ದೇ ಆಯ್ತು ಅತ್ತೆ, ತಪ್ಪಾಯ್ತು. ನಾಳೆನೇ ಒಳಗೆ ತರಿಸ್ತೀನಿ."

"ಏನೂ ಬೇಡ. ಹೊರಗೆ ಹಾಕಿದ್ದಾಯ್ತಲ್ಲ, ಇರ್ಲಿ ಬಿಡು," ಎಂದು ಟೈಲರಮ್ಮ ತಟ್ಟೆಯ ಮುಂದೆ ಕೂತಳು. ಅವತ್ತು ಆಕೆ ಸೊಸೆಯೊಡನೆ ಆಡಿದ ಕೊನೆಯ ಮಾತು ಅದು. ಆಮೇಲೆ ಮೂರು ವಾರ ಇಬ್ಬರ ನಡುವೆ ನೇರ ಮಾತಿಲ್ಲ. ಮಧ್ಯದಲ್ಲಿ ಕಂಡಕ್ಟರೇ ಟಿಕೆಟ್ ಹರಿಯಬೇಕಾಯಿತು.

"ನಿಮ್ಮ ಸೊಸೆಗೆ ಹೇಳ್ರೀ, ಆಲೂಗಡ್ಡೆ ಪಲ್ಯಕ್ಕೆ ಉಪ್ಪು ಸಾಲ್ದು."

"ಲೇ, ಅವಳು ನಿನ್ನ ಎದುರಿಗೇ ಕೂತಿದಾಳೆ."

"ಹೇಳಿ ಅಂದ್ರೆ ಹೇಳಿ."

ಕಂಡಕ್ಟರು ಅತ್ತ ತಿರುಗಿ, "ಉಪ್ಪು ಸಾಲ್ದಂತಮ್ಮ," ಎನ್ನುವನು. ಸೊಸೆ ಉಪ್ಪಿನ ಡಬ್ಬಿಯನ್ನು ಅವನ ಕೈಗೆ ಕೊಡುವಳು. ಅವನು ಅದನ್ನು ಒಂದು ಗೇಣು ಈಚೆಗೆ ಸರಿಸುವನು. ಉಪ್ಪು ಹೀಗೆ ಸುತ್ತಿ ಬಳಸಿ ತಲುಪುವಷ್ಟರಲ್ಲಿ ಪಲ್ಯ ತಣ್ಣಗಾಗಿರುತ್ತಿತ್ತು.

ಸೊಸೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಬೆಳಗ್ಗೆ ಆರಕ್ಕೆ ಹೋದರೆ ಸಂಜೆ ನಾಲ್ಕಕ್ಕೆ ವಾಪಸು. ಐದರಿಂದ ಆರರವರೆಗೆ ಡ್ರಮ್ಮು. ಕೆಳಮನೆಯವರೊಡನೆ ಆದ ಒಪ್ಪಂದವೂ ಅದೇ. ಡ್ರಮ್ಮುಗಳ ಮೇಲೆ ರಬ್ಬರ್ ಹೊದಿಸಿ, ದೊಡ್ಡದರ ಹೊಟ್ಟೆಗೆ ಹಳೇ ಟವೆಲ್ಲುಗಳನ್ನು ತುರುಕಿದ್ದಳು. ಆದರೂ ಕಾಲಿನಿಂದ ತುಳಿದು ಬಾರಿಸುವ ಆ ದೊಡ್ಡ ಡ್ರಮ್ಮಿನ ಗುದ್ದು ನೆಲದಗುಂಟ ಬಂದು ಅಡುಗೆಮನೆಯ ಪಾತ್ರೆಗಳ ಮುಚ್ಚಳ ಅಲ್ಲಾಡಿಸುತ್ತಿತ್ತು. ಅವಳು ಬಾರಿಸುತ್ತಿದ್ದುದು ಥ್ರ್ಯಾಶ್ ಮೆಟಲ್ ಎಂಬ ಸಂಗೀತ. ಹೆಸರು ಕೇಳಿ ಕಂಡಕ್ಟರು, "ಗುಜರಿ ಅಂಗಡಿದಾ?" ಎಂದಿದ್ದ.

ಆ ಒಂದು ಗಂಟೆ ಟೈಲರಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದಳು. ಮೊದಲ ವಾರವೇ ಅವಳಿಗೊಂದು ವಿಷಯ ಗಮನಕ್ಕೆ ಬಂತು. ಹಾಡು ಶುರುವಾದಾಗ ತನ್ನ ಕೈ ಸಮನಾಗಿ ಬಟಾಣಿ ಬಿಡಿಸುತ್ತದೆ. ಹಾಡಿನ ನಡುವಿಗೆ ಬರುವ ಹೊತ್ತಿಗೆ ಕೈ ಚುರುಕಾಗುತ್ತದೆ. ಮುಗಿಯುವಾಗ ಕಾಳುಗಳು ಬಟ್ಟಲು ಬಿಟ್ಟು ಒಲೆಯ ಕೆಳಗೆ ಹಾರುತ್ತಿರುತ್ತವೆ.

"ಓಡ್ತಾಳೆ," ಎಂದಳು ಗಂಡನಿಗೆ.

"ಯಾರು?"

"ಇನ್ಯಾರು? ನಡೀತಾ ಹೊರಟೋಳು ಕೊನೆಗೆ ಬಸ್ಸು ತಪ್ಪಿದೋಳ ಹಾಗೆ ಓಡ್ತಾಳೆ. ದಿನಾ ಅದೇ ಹಾಡು, ದಿನಾ ಅದೇ ಓಟ. ಕೇಳಿಸಲ್ವಾ ನಿಮಗೆ?"

"ನನಗೆ ಎಲ್ಲ ಒಂದೇ ಥರ ಕೇಳುತ್ತೆ ಕಣೇ. ಧಡಧಡ."

ಟೈಲರಮ್ಮನಿಗೆ ಹಾಗಲ್ಲ. ಓಡುವ ಕಾಲು ಎಂದರೆ ಸುಕ್ಕುಗಟ್ಟಿದ ಹೊಲಿಗೆ, ತುಂಡಾದ ದಾರ. ಹಿಂದಿನ ಕೋಣೆಯಲ್ಲಿ ಯಾರೋ ದಿನವೂ ಒಳ್ಳೇ ಬಟ್ಟೆ ಹಾಳು ಮಾಡುತ್ತಿದ್ದಾರೆ ಎನ್ನಿಸಿ ಮೈ ಉರಿಯುತ್ತಿತ್ತು.

ಒಂದು ಶನಿವಾರ ಸೊಸೆ ಹೊರಗೆ ತನ್ನ ಬ್ಯಾಂಡಿನವರೊಡನೆ ಅಭ್ಯಾಸ ಮುಗಿಸಿ ಮುಖ ಸಪ್ಪಗೆ ಮಾಡಿಕೊಂಡು ಬಂದಳು. ಬ್ರೆಡ್ಡು, ಮೊಟ್ಟೆ ಮುಂದಿಟ್ಟುಕೊಂಡರೂ ತಿನ್ನಲಿಲ್ಲ. ಮಗ ಕೇಳಿದ ಮೇಲೆ ಬಾಯಿಬಿಟ್ಟಳು. ಮುಂದಿನ ತಿಂಗಳ ಕೊನೆಗೆ ಹಳೇ ಗೋದಾಮಿನ ಹಾಲಿನಲ್ಲಿ ಕಾರ್ಯಕ್ರಮ. ಇವರ ಬ್ಯಾಂಡಿಗೆ ಮೂರು ಹಾಡು. ಎರಡು ಸರಿಯಾಗಿವೆ. ಮೂರನೆಯದು, 'ತುಕ್ಕು' ಎಂಬ ಹಾಡು, ಇವಳ ಕಾಲಿಗೆ ಸಿಗುತ್ತಿಲ್ಲ. ಗಿಟಾರ್ ನುಡಿಸುವ ಗಡ್ಡದವನು ಬಹಳ ಮೆತ್ತಗೆ ಹೇಳಿದನಂತೆ: ಆ ದಿನ 'ತುಕ್ಕು' ನೆಟ್ಟಗೆ ನಿಂತರೆ ಸರಿ, ಇಲ್ಲದಿದ್ದರೆ ಆಮೇಲೆ ಬೇರೆಯವರನ್ನು ಕೂರಿಸಬೇಕಾಗುತ್ತದೆ, ಬೇಜಾರಾಗಬೇಡ.

"ಅದೇನು ಅಷ್ಟು ಕಷ್ಟ? ಜೋರು ಹಾಡೆಲ್ಲ ಬಾರಿಸ್ತೀಯ, ಇದು ನಿಧಾನದ್ದಲ್ವಾ?" ಎಂದ ಮಗ.

"ಎಲ್ಲರೂ ಹಾಗೇ ಅಂತಾರೆ. ಓಡೋರ ಜೊತೆ ಯಾರು ಬೇಕಾದ್ರೂ ಓಡ್ಬಹುದು ರೀ. ಇದು ಓಟಾನೂ ಅಲ್ಲ, ನಡಿಗೆನೂ ಅಲ್ಲ, ನಡುವಿಂದು. ನಾಲ್ಕು ನಿಮಿಷ ಅಲ್ಲೇ ನಿಲ್ಬೇಕು. ಗಿಟಾರು ಗರಗರ ಅಂತ ಶುರು ಆದ್ರೆ ನಾನು ಬಿಸಿಯಾಗಿ ಮುಂದೆ ಹೋಗ್ಬಿಡ್ತೀನಿ. ಹೋಗಿದ್ದು ನನಗೆ ಗೊತ್ತೇ ಆಗಲ್ಲ."

"ಫೋನಲ್ಲಿ ಟಿಕ್ ಟಿಕ್ ಅಂತ ಏನೋ ಹಾಕ್ಕೋತೀಯಲ್ಲ?"

"ಅದನ್ನೂ ಬಿಟ್ಟು ಓಡ್ತೀನಿ. ಕಿವಿಯಲ್ಲಿ ಅದರ ಪಾಡಿಗೆ ಅದು, ಕಾಲಲ್ಲಿ ನನ್ನ ಪಾಡಿಗೆ ನಾನು."

ಟೈಲರಮ್ಮ ಗೋಡೆ ನೋಡುತ್ತ ಗಂಡನಿಗೆ ಹೇಳಿದಳು: "ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ."

ಸೊಸೆ ತಟ್ಟೆ ಸರಿಸಿ ನೇರವಾಗಿ ಅತ್ತೆಯ ಮುಖ ನೋಡಿದಳು. "ನೆಲ ಡೊಂಕು ಅಂತ ನಾನು ಅಂದಿಲ್ಲ ಅತ್ತೆ. ನನ್ನ ಕಾಲೇ ಡೊಂಕು ಅಂದೆ."

"ಈ ವಯಸ್ಸಲ್ಲಿ ಇದೆಲ್ಲ ಯಾಕೆ ಬೇಕು ಅಂತ ಕೇಳ್ರೀ ಅವಳನ್ನ."

"ಅವರನ್ನ ಯಾಕೆ ನಡುವೆ ಎಳೀತೀರ? ನಾನೇ ಹೇಳ್ತೀನಿ. ದಿನಕ್ಕೆ ಅರವತ್ತು ಜನರ ಕೈ ಹಿಡ್ಕೊಂಡು, 'ಏನೂ ನೋವಾಗಲ್ಲ, ಏನೂ ನೋವಾಗಲ್ಲ' ಅಂತ ಪಿಸುಗುಟ್ಟಿ ಸೂಜಿ ಚುಚ್ತೀನಿ. ಮನೆಗೆ ಬಂದ್ಮೇಲೆ ಒಂದು ಗಂಟೆ ಜೋರಾಗಿ ಏನಾದ್ರೂ ಮಾಡ್ಬೇಕು ಅನ್ಸುತ್ತೆ. ಅದಕ್ಕೆ ಬೇಕು."

ಸೂಜಿಯ ಮಾತು ಟೈಲರಮ್ಮನಿಗೆ ಅರ್ಥವಾಗಿತ್ತು. ಅರ್ಥವಾದದ್ದನ್ನು ತೋರಿಸಿಕೊಳ್ಳುವಷ್ಟು ಸಿಟ್ಟು ಇನ್ನೂ ಇಳಿದಿರಲಿಲ್ಲ, ಅಷ್ಟೆ.

ಎರಡು ದಿನ ಬಿಟ್ಟು ಗಾಳಿ ಜೋರಾಗಿ ಬೀಸಿ ಬಾಲ್ಕನಿಯ ಪ್ಲಾಸ್ಟಿಕ್ ಹಾಳೆ ಹರಿಯಿತು. ಟೈಲರಮ್ಮ ಬಟ್ಟೆ ತಂದು ಮೆಷಿನ್ನು ಒರೆಸಿದಳು. ಒರೆಸಿದ ಮೇಲೆ ಎಣ್ಣೆ ಬಿಡದಿದ್ದರೆ ಹೇಗೆ? ಎಣ್ಣೆ ಬಿಟ್ಟ ಮೇಲೆ ನಾಲ್ಕು ಸಲ ತುಳಿಯದಿದ್ದರೆ ಎಣ್ಣೆ ಒಳಗಿಳಿಯುವುದು ಹೇಗೆ? ಸ್ಟೂಲು ತಂದು ಕೂತಳು. ಅಷ್ಟರಲ್ಲಿ ಐದು ಗಂಟೆಯಾಗಿ, ಒಳಗೆ ಡ್ರಮ್ಮು ಶುರುವಾಯಿತು. 'ತುಕ್ಕು' ಹಾಡು, ಅದೇ ಓಟ.

"ಸಾಕಾಯ್ತು ನನಗೆ," ಎಂದು ಟೈಲರಮ್ಮ ತುಳಿಯತೊಡಗಿದಳು. ದಾರವಿಲ್ಲ, ಬಟ್ಟೆಯಿಲ್ಲ, ಬರೀ ತುಳಿತ. ಸೊಸೆಯ ಸದ್ದು ತನ್ನ ಕಿವಿಗೆ ಬೀಳಬಾರದು ಎಂಬುದೊಂದೇ ಉದ್ದೇಶ. ಹಿಂದಿನ ಕೋಣೆಯ ಕಿಟಕಿ ಬಾಲ್ಕನಿಗೇ ತೆರೆದುಕೊಳ್ಳುತ್ತದೆ ಎಂಬುದು ನೆನಪಿಗೆ ಬರಲಿಲ್ಲ. ಮೆಷಿನ್ನಿಗೆ ಹಳೆಯದೊಂದು ಕಾಯಿಲೆ ಇತ್ತು. ತುಳಿತಕ್ಕೊಂದು 'ಟಕ್' ಎನ್ನುತ್ತಿತ್ತು. ಟಕ್, ಟಕ್, ಟಕ್. ಮದುವೆಯ ಕೋಟುಗಳನ್ನೂ ಶಾಲೆಯ ಸಮವಸ್ತ್ರಗಳನ್ನೂ ಆಕೆ ಹೊಲಿದದ್ದು ಅದೇ ಕಾಲಿನಲ್ಲಿ. ಎರಡು ವರ್ಷ ಬಿಟ್ಟಿದ್ದರೂ ಕಾಲು ಮರೆತಿರಲಿಲ್ಲ. ಆರು ಗಂಟೆಗೆ ಡ್ರಮ್ಮು ನಿಂತಾಗ ಟೈಲರಮ್ಮನ ಮೊಣಕಾಲು ನೋಯುತ್ತಿತ್ತು, ಮನಸ್ಸು ಮಾತ್ರ ಬಹಳ ದಿನದ ಮೇಲೆ ಹಗುರಾಗಿತ್ತು.

ಮರುದಿನ ಸೊಸೆಗೆ ರಜೆ. ಬೆಳಗಿನ ಟೀ ಹೊತ್ತಿಗೆ ಗಡ್ಡದವನ ಫೋನು ಬಂತು. ಸೊಸೆ ಸ್ಪೀಕರಿಗೆ ಹಾಕಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು.

"ನಿನ್ನೆ ಕಳಿಸಿದ ರೆಕಾರ್ಡಿಂಗ್ ಕೇಳ್ದೆ. ಏನು ಮಾಡ್ದೆ ನೀನು? ನಡುವಿಂದ ಕೊನೇವರೆಗೂ ಕೂದಲೆಳೆಯಷ್ಟೂ ಅಲ್ಲಾಡಿಲ್ಲ. ಆ ಕ್ಲಿಕ್ ಯಾವುದು? ಹಿಂದೆ ಟಕ್ ಟಕ್ ಅಂತ ಕೇಳುತ್ತಲ್ಲ. ನಮಗೂ ಕಳಿಸು."

"ನಾನು ಯಾವ ಕ್ಲಿಕ್ಕೂ ಹಾಕ್ಕೊಂಡಿರಲಿಲ್ಲ," ಎಂದಳು ಸೊಸೆ.

ಫೋನಿಟ್ಟ ಮೇಲೆ ರೆಕಾರ್ಡಿಂಗ್ ಹಾಕಿದರು. ಮಗ ಕಣ್ಣು ಮುಚ್ಚಿ ಕೇಳಿದ. ಲಿಫ್ಟಿನ ಗುಂಡಿಯೊಳಗೆ ನಿಂತು, ಮೇಲೆ ಯಾವ ಚಕ್ರ ಸವೆದಿದೆ ಎಂದು ಹೇಳುವ ಕಿವಿ ಅವನದು.

"ಇದು ಫೋನಿನ ಸದ್ದಲ್ಲ ಕಣೇ. ಸವೆದ ಬೋಲ್ಟು. ತುಳಿಯೋ ಹಲಗೆಗೂ ಕಂಬಿಗೂ ಸೇರೋ ಜಾಗದ್ದು..." ಅಲ್ಲಿಗೆ ನಿಲ್ಲಿಸಿ ಕಣ್ಣು ತೆರೆದ. "ಅಮ್ಮನ ಮೆಷಿನ್ನು."

ಮೂವರೂ ಬಾಲ್ಕನಿಯತ್ತ ನೋಡಿದರು. ಆಮೇಲೆ ಟೈಲರಮ್ಮನತ್ತ. ಟೈಲರಮ್ಮ ಟೀಯೊಳಗೆ ಮುಖ ಹುದುಗಿಸಿದಳು.

"ಹತ್ತು ವರ್ಷದಿಂದ ಆ ಬೋಲ್ಟು ಬದಲಾಯಿಸ್ತೀನಿ ಅಂತಿದೀನಿ. ಇವತ್ತೇ ಬದಲಾಯಿಸ್ತೀನಮ್ಮ," ಎಂದು ಮಗ ಎದ್ದ.

"ಮುಟ್ಟಬೇಡ!" ಎಂದಳು ಟೈಲರಮ್ಮ.

"ಮುಟ್ಟಬೇಡಿ!" ಎಂದಳು ಸೊಸೆ, ಅದೇ ಕ್ಷಣಕ್ಕೆ.

ಕಂಡಕ್ಟರು ಬ್ರೆಡ್ಡು ಅಗಿಯುವುದನ್ನು ನಿಲ್ಲಿಸಿದ. ಮೂರು ವಾರದಲ್ಲಿ ಇಬ್ಬರೂ ಒಂದೇ ಮಾತನ್ನು ಒಪ್ಪಿದ್ದು ಅದೇ ಮೊದಲು.

"ನಾನೇನೂ ನಿನಗೋಸ್ಕರ ತುಳೀಲಿಲ್ಲ," ಎಂದಳು ಟೈಲರಮ್ಮ, ಗಂಡನನ್ನು ಬಿಟ್ಟು ನೇರವಾಗಿ ಸೊಸೆಗೇ. "ನಿನ್ನ ಮೇಲಿನ ಸಿಟ್ಟಿಗೆ ತುಳಿದೆ."

"ಇವತ್ತೂ ಸ್ವಲ್ಪ ಸಿಟ್ಟು ಮಾಡ್ಕೊಳ್ಳಿ ಅತ್ತೆ. ಐದು ಗಂಟೆಗೆ."

ಟೈಲರಮ್ಮ ನಗಬಾರದೆಂದು ಎಷ್ಟು ಬಿಗಿಹಿಡಿದರೂ ಟೀ ಮೂಗಿಗೆ ಹತ್ತಿತು.

ಅವತ್ತು ಮಧ್ಯಾಹ್ನವೇ ಮೆಷಿನ್ನು ಒಳಗೆ ಬಂತು. ಹತ್ತಡಿ ಕೋಣೆಯಲ್ಲಿ ಡ್ರಮ್ಮೂ ಮೆಷಿನ್ನೂ ಹಿಡಿಯಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಇಲ್ಲಿ ಕಾಲುಗಳೇ ಹೆಚ್ಚು, ಹಾಸಿಗೆ ಚಿಕ್ಕದು. ಕಂಡಕ್ಟರು ಬಾಗಿಲಲ್ಲಿ ನಿಂತು, "ಒಳಗೆ ಜಾಗ ಇದೆ, ಹಿಂದಕ್ಕೆ ಸರೀರಿ, ಇನ್ನೊಂಚೂರು ಹಿಂದಕ್ಕೆ," ಎಂದು ಹಳೇ ದನಿಯಲ್ಲಿ ಕೂಗಿ ಎಲ್ಲವನ್ನೂ ಸೇರಿಸಿದ. ಸೇರದೆ ಉಳಿದದ್ದು ಮಗನ ಸಾಮಾನಿನ ಪೆಟ್ಟಿಗೆ ಮಾತ್ರ. ಅದು ಬಾಲ್ಕನಿಗೆ ಹೋಯಿತು, ಹರಿದ ನೀಲಿ ಹಾಳೆ ಹೊದ್ದು.

ಸಂಜೆ ಇಬ್ಬರೂ ಪಕ್ಕಪಕ್ಕ ಕೂತರು. ಟೈಲರಮ್ಮನ ಬಲಗಾಲು ಮೆಷಿನ್ನಿನ ಹಲಗೆಯ ಮೇಲೆ, ಸೊಸೆಯ ಬಲಗಾಲು ಡ್ರಮ್ಮಿನ ಪೆಡಲಿನ ಮೇಲೆ. ಕಂಡಕ್ಟರು ನೋಡಿ, "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಿದ್ರು ಹಿರಿಯರು. ನಮ್ಮನೇಲಿ ಅತ್ತೆಗೊಂದು ಕಾಲು, ಸೊಸೆಗೊಂದು ಕಾಲು," ಎಂದ. ಆಮೇಲೆ ಈ ಮಾತನ್ನು ತರಕಾರಿಯವನಿಗೂ ಕೆಳಮನೆಯವರಿಗೂ ಹೇಳಿ ಬಂದ.

ನಾಲ್ಕನೆಯ ದಿನ ಟೈಲರಮ್ಮ ಹರಿದ ಬೆಡ್‌ಶೀಟಿನ ತುಂಡೊಂದನ್ನು ತಂದು ಸೊಸೆಯನ್ನು ಮೆಷಿನ್ನಿನ ಮುಂದೆ ಕೂರಿಸಿದಳು. "ಹೊಲಿ."

"ನನಗೆ ಬರಲ್ಲ ಅತ್ತೆ."

"ಬರಲ್ಲ ಅಂತಾನೇ ಹೊಲಿ ಅಂದಿದ್ದು."

ಸೊಸೆ ತುಳಿದಳು. ಬಟ್ಟೆ ನಿಧಾನವಾಗಿ ಸಾಗುತ್ತಿದೆ ಎನ್ನಿಸಿ ಆಚೆ ಕಡೆಯಿಂದ ಎರಡೂ ಕೈಯಲ್ಲಿ ಹಿಡಿದು ಎಳೆದಳು. ಟಣ್ ಎಂದು ಸೂಜಿ ಮುರಿಯಿತು.

"ಇದೇ ನೋಡು ನಿನ್ನ ರೋಗ," ಎಂದಳು ಟೈಲರಮ್ಮ, ಮುರಿದ ತುಂಡನ್ನು ಹೆಕ್ಕಿ ತೋರಿಸುತ್ತ. "ಸೂಜಿ ಕೆಳಗೆ ಸಣ್ಣ ಹಲ್ಲುಗಳಿವೆ. ಬಟ್ಟೆನ ಅವು ತಾವೇ ತಗೊಂಡು ಹೋಗ್ತವೆ. ಕೈ ಇರೋದು ದಾರಿ ತೋರ್ಸೋಕೆ ಮಾತ್ರ. ಬಟ್ಟೆ ಎಳೀಬಾರದು. ಆ ಗಡ್ಡದವನ ಗಿಟಾರೂ ಬಟ್ಟೆನೇ. ನೀನು ತುಳೀತಾ ಇರು, ಅವನು ತಾನಾಗೇ ಬರ್ತಾನೆ. ನೀನೇ ಹೋಗಿ ಎಳೆದ್ಯೋ, ಮುರಿಯುತ್ತೆ."

ಸೊಸೆ ಸೂಜಿಯ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. "ಲ್ಯಾಬಲ್ಲಿ ಹೊಸಬರಿಗೆ ನಾನು ಇದನ್ನೇ ಹೇಳ್ತೀನಿ. ರಕ್ತ ತಾನಾಗೇ ಬರುತ್ತೆ, ಸಿರಿಂಜು ಜೋರಾಗಿ ಎಳೀಬೇಡಿ ಅಂತ."

"ಮತ್ತೆ? ಊರಿಗೆಲ್ಲ ಹೇಳ್ತೀಯ, ನಿನ್ನ ಕಾಲಿಗೆ ಹೇಳಿಲ್ಲ."

ಅಲ್ಲಿಂದ ಮನೆಯಲ್ಲಿ ಅದೊಂದು ಮಾತಾಯಿತು. ಬಿಸಿ ಬೇಳೆಯನ್ನು ಅವಸರದಲ್ಲಿ ಬಾಯಿಗಿಟ್ಟು ನಾಲಿಗೆ ಸುಟ್ಟುಕೊಂಡ ಮಗನಿಗೆ, "ಬಟ್ಟೆ ಎಳೀಬೇಡ್ವೋ." ಬಾತ್‌ರೂಮಿನ ಬಾಗಿಲು ಬಡಿಯುವ ಕಂಡಕ್ಟರಿಗೆ ಒಳಗಿನಿಂದ, "ಬಟ್ಟೆ ಎಳೀಬೇಡಿ ಮಾವ."

ಟೈಲರಮ್ಮ ತುಳಿಯುವವರೆಗೆ 'ತುಕ್ಕು' ನೆಟ್ಟಗೆ ನಿಲ್ಲುತ್ತಿತ್ತು. ತೊಂದರೆ ಇದ್ದದ್ದು ಅಲ್ಲೇ. ಕಾರ್ಯಕ್ರಮಕ್ಕೆ ಹನ್ನೆರಡು ದಿನವಿದೆ ಎನ್ನುವಾಗ, ಹಾಡಿನ ನಡುವೆ ಆಕೆ ಹೇಳದೆ ಕೇಳದೆ ಕಾಲು ನಿಲ್ಲಿಸಿದಳು. ಸೊಸೆ ಎಂಟು ಎಣಿಕೆಯವರೆಗೆ ಸರಿಯಾಗಿದ್ದಳು. ಒಂಬತ್ತಕ್ಕೆ ಓಟ ಕಿತ್ತಳು.

"ಯಾಕೆ ನಿಲ್ಲಿಸಿದ್ರಿ?"

"ಹಾಲಿಗೆ ಮೆಷಿನ್ನು ಹೊತ್ಕೊಂಡು ಬರ್ಲಾ ನಾನು?"

"ಲಗೇಜ್ ಟಿಕೆಟ್ ಆಗುತ್ತೆ," ಎಂದು ಹೊರಗಿನಿಂದ ಕಂಡಕ್ಟರು.

ಸೊಸೆ ನಗಲಿಲ್ಲ. ಕಡ್ಡಿಗಳನ್ನು ನೆಲಕ್ಕೆಸೆದಳು. "ನಿಮಗೇನು ಅತ್ತೆ, ನಲವತ್ತು ವರ್ಷ ತುಳಿದಿದೀರ. ನನಗಿರೋದು ಹನ್ನೆರಡು ದಿನ. ಆಗಲ್ಲ ಬಿಡಿ ನನ್ನ ಕೈಲಿ. ಬೇರೆಯವರೇ ಕೂತ್ಕೊಳ್ಲಿ." ಕಣ್ಣೀರು ಬಂದೇಬಿಟ್ಟಿತು. ಮುಖವನ್ನು ತೋಳಿಗೆ ಒರೆಸಿಕೊಂಡಳು.

ಟೈಲರಮ್ಮ ಕಷ್ಟಪಟ್ಟು ಬಗ್ಗಿ ಕಡ್ಡಿಗಳನ್ನು ಎತ್ತಿಕೊಂಡಳು.

"ನಾನು ಹೊಟ್ಟೆಯಿಂದಾನೇ ಕಲ್ತು ಬಂದಿದ್ನಾ? ಕೇಳು. ನಿನ್ನ ಗಂಡ ಎಂಟು ತಿಂಗಳ ಕೂಸು. ತೊಟ್ಟಿಲು ಇಲ್ಲೇ, ಮೆಷಿನ್ ಪಕ್ಕ. ಅವನು ಏಳೋದರೊಳಗೆ ಒಂದು ಶರ್ಟು ಮುಗಿಸ್ಬೇಕು ಅಂತ ಓಡಿಸ್ತಿದ್ದೆ. ಕಾಲರೆಲ್ಲ ಸುಕ್ಕು. ಬಿಚ್ಚು, ಮತ್ತೆ ಹೊಲಿ, ಮತ್ತೆ ಬಿಚ್ಚು. ಒಂದು ದಿನ ಲೆಕ್ಕ ಹಾಕ್ದೆ. ಹೊಲಿಯೋಕಿಂತ ಬಿಚ್ಚೋಕೇ ಜಾಸ್ತಿ ಹೊತ್ತು ಹೋಗ್ತಿದೆ. ಅವತ್ತು ಜೋರಾಗಿ ಅತ್ಬಿಟ್ಟೆ. ನೀನು ಅಳ್ತಿದೀಯಲ್ಲ, ಹಾಗೇ. ಅತ್ತು ಮುಗಿದ್ಮೇಲೆ ಕೂತೆ. ಅವನು ಎದ್ದು ಕಿರುಚಿದ. ಕಿರುಚ್ಲಿ ಅಂತ ಸಾಲು ಮುಗಿಯೋವರೆಗೂ ಅದೇ ಕಾಲಲ್ಲಿ ಹೊಲಿದೆ. ಅವತ್ತು ಬಂತು."

"ಅವತ್ತಿಂದ ನನ್ನ ಅಳು ಯಾರೂ ಕೇಳಿಲ್ಲ," ಎಂದ ಮಗ ಬಾಗಿಲಲ್ಲಿ.

"ನೀನು ಹೋಗಿ ಅನ್ನಕ್ಕಿಡು," ಎಂದರು ಇಬ್ಬರೂ.

ಮಾರನೆಯ ದಿನದಿಂದ ಟೈಲರಮ್ಮ ಎಲ್ಲಿ ಬೇಕೋ ಅಲ್ಲಿ ನಿಲ್ಲಿಸತೊಡಗಿದಳು. ಎಂಟು ಎಣಿಕೆ ಹದಿನಾರಾಯಿತು. ಹದಿನಾರು ಅರ್ಧ ಹಾಡಾಯಿತು. ಮತ್ತೊಂದು ದಿನ ಹತ್ತಕ್ಕೇ ಬಿತ್ತು. ಇಬ್ಬರೂ ಕಿರುಚಾಡಿದರು, ರಾತ್ರಿ ಊಟಕ್ಕೆ ಉಪ್ಪು ಮತ್ತೆ ಕಂಡಕ್ಟರ ಮೂಲಕ ಬಂತು. ಬೆಳಗಿನ ಹೊತ್ತಿಗೆ ಅದೂ ಮರೆತುಹೋಯಿತು. ಕಾರ್ಯಕ್ರಮದ ಹಿಂದಿನ ಸಂಜೆ ಟೈಲರಮ್ಮ ಒಂದು ಸಲವೂ ತುಳಿಯದೆ, ಕಾಲು ಮೇಲೆತ್ತಿಕೊಂಡು ಕೂತು ಬಟಾಣಿ ಬಿಡಿಸಿದಳು. ಹಾಡು ಮುಗಿದಾಗ ಬಟ್ಟಲಿನಾಚೆ ಬಿದ್ದದ್ದು ಒಂದೇ ಕಾಳು.

"ಅದು ನಿನ್ನದಲ್ಲ, ನನ್ನ ತಪ್ಪು," ಎಂದಳು.

ಗೋದಾಮಿನ ಹಾಲಿನಲ್ಲಿ ಸಂಜೆ ಆರಕ್ಕೆ ಇನ್ನೂರು ಜನ ಸೇರಿದ್ದರು. ಎಲ್ಲರೂ ಕಪ್ಪು ಬಟ್ಟೆಯವರು. ಟೈಲರಮ್ಮ ಕಿವಿಗೆ ಹತ್ತಿ ಇಟ್ಟುಕೊಂಡು, ಬದಿಯ ಕುರ್ಚಿಯಲ್ಲಿ ಕೂತು ಸುತ್ತಲಿನ ಮೊಣಕಾಲುಗಳನ್ನು ನೋಡಿದಳು. "ಇಷ್ಟು ಹರಿದ ಪ್ಯಾಂಟು ಒಂದೇ ಕಡೆ ನಾನು ಯಾವತ್ತೂ ನೋಡಿಲ್ಲ ರೀ. ಒಂದು ಮಾತು ಹೇಳಿದ್ರೆ ಎಲ್ಲಕ್ಕೂ ತೇಪೆ ಹಾಕಿಕೊಡ್ತಿದ್ದೆ."

"ಸುಮ್ನಿರೇ, ಅದೇ ಫ್ಯಾಶನ್ನು."

ಬ್ಯಾಂಡಿನಲ್ಲಿ ಹಾಡುವವಳು ವೇದಿಕೆಯಿಂದಿಳಿದು ಬಂದು ಇಬ್ಬರಿಗೂ ನಮಸ್ಕಾರ ಹೇಳಿದಳು. ಲೈಬ್ರರಿಯಲ್ಲಿ ಕೆಲಸ, ಮಾತು ಕಿವಿಗೊಟ್ಟರೆ ಮಾತ್ರ ಕೇಳಿಸುವಷ್ಟು ಮೆತ್ತಗೆ. ಅವಳೇ ಐದು ನಿಮಿಷದ ಮೇಲೆ ಮೈಕು ಹಿಡಿದು ಗರ್ಜಿಸಿದಾಗ ಕಂಡಕ್ಟರು ಕುರ್ಚಿಯಿಂದ ಅರ್ಧ ಎದ್ದುಬಿಟ್ಟ. ಮೊದಲ ಸಾಲಿನಲ್ಲಿ ಒಬ್ಬ ಎತ್ತರದ ಆಳು ಕೈಕಟ್ಟಿ ನಿಂತಿದ್ದ. ಅವನ ಹಿಂದಿನ ಜೇಬಿನಲ್ಲಿ ಎರಡು ಡ್ರಮ್ ಕಡ್ಡಿಗಳಿದ್ದವು. ಅವನು ಯಾರೆಂದು ಮಗ ಹೇಳಬೇಕಾಗಿರಲಿಲ್ಲ. ಸೊಸೆ ಬಿದ್ದರೆ ನಾಳೆ ಅಲ್ಲಿ ಕೂರುವವನು. ಟೈಲರಮ್ಮ ಆ ಕಡ್ಡಿಗಳನ್ನು ದುರುಗುಟ್ಟಿ ನೋಡಿದಳು.

ಎರಡು ಜೋರು ಹಾಡು ಮುಗಿದವು. ಗಡ್ಡದವನು 'ತುಕ್ಕು' ಎಂದ. ಸೊಸೆ ಒಮ್ಮೆ ಉಸಿರೆಳೆದು, ಕಡ್ಡಿಗೆ ಕಡ್ಡಿ ತಾಗಿಸಿ ನಾಲ್ಕು ಎಣಿಸಿ, ಶುರುಮಾಡಿದಳು.

ಟೈಲರಮ್ಮನ ಬಲಗಾಲು ತಾನಾಗಿಯೇ ಸಿಮೆಂಟು ನೆಲವನ್ನು ತುಳಿಯತೊಡಗಿತು. ಸರಿ. ಸರಿ. ಮೊದಲ ಸುತ್ತು ಸರಿ. ಗಿಟಾರು ಗರಗರ ಎಂದು ಒಳನುಗ್ಗಿತು. ಜನ ತಲೆ ಕುಣಿಸತೊಡಗಿದರು, ಇನ್ನೂರು ತಲೆ ಒಟ್ಟಿಗೆ. ಹಾಡುವವಳು ಗರ್ಜಿಸಿದಳು. ಬಣ್ಣದ ದೀಪದಲ್ಲಿ ಸೊಸೆಯ ಮುಖ ಬೆವರಿ ಹೊಳೆಯುವುದನ್ನು ಕಂಡು ಟೈಲರಮ್ಮನ ಎದೆ ತುಂಬಿ ಬಂತು. ನನ್ನ ಸೊಸೆ, ಎಂದು ಪಕ್ಕದ ಅಪರಿಚಿತನಿಗೆ ಕೂಗಿ ಹೇಳಿದಳು. ಅವನಿಗೆ ಕೇಳಿಸಲಿಲ್ಲ.

ಆಗಲೇ ಕಾಲಿಗೆ ಏನೋ ತಪ್ಪಿದಂತಾಯಿತು. ಸೊಸೆ ಹಿಂದೆ ಬೀಳುತ್ತಿದ್ದಾಳೆ.

"ಅಯ್ಯೋ, ನಿಧಾನ ಆಗ್ತಿದಾಳೆ ಕಣ್ರೀ!" ಟೈಲರಮ್ಮ ಕುರ್ಚಿಯ ತುದಿಗೆ ಸರಿದು, ಸೊಸೆಗೆ ಕಾಣುವಂತೆ ಕಾಲನ್ನು ಮುಂದೆ ಚಾಚಿ ಜೋರಾಗಿ ನೆಲಕ್ಕೆ ಗುದ್ದಿದಳು. ಬಾ, ಬಾ, ಬೇಗ ಬಾ. ಸೊಸೆಯ ಕಣ್ಣು ಒಮ್ಮೆ ಇತ್ತ ತಿರುಗಿತು. ಅತ್ತೆಯ ಕಾಲನ್ನು ನೋಡಿತು. ಮತ್ತೆ ತನ್ನ ಡ್ರಮ್ಮಿನ ಕಡೆಗೆ ಹೋಯಿತು. ಅವಳ ಕೈ ಒಂದಿಷ್ಟೂ ಚುರುಕಾಗಲಿಲ್ಲ.

"ಮಾತು ಕೇಳ್ತಿಲ್ಲ ನೋಡಿ!"

ಕಂಡಕ್ಟರು ಹೆಂಡತಿಯ ಮೊಣಕಾಲಿನ ಮೇಲೆ ಕೈಯಿಟ್ಟ. ಅವನ ಇನ್ನೊಂದು ಕೈಯ ಬೆರಳು ಕುರ್ಚಿಯ ಹಿಡಿಯ ಮೇಲೆ ಸೊಸೆಯ ಜೊತೆ ಸಮವಾಗಿ ಬೀಳುತ್ತಿತ್ತು. ಅಂತೂ ಆರು ವಾರದಲ್ಲಿ ಅವನಿಗೂ ಕಿವಿ ಬಂದಿತ್ತು. ಅವಳ ಕಿವಿಯ ಹತ್ತಿ ತೆಗೆದು ಕೂಗಿದ: "ಲೇ, ಅವಳು ಇದ್ದಲ್ಲೇ ಇದಾಳೆ. ಓಡ್ತಿರೋದು ನೀನು!"

ಟೈಲರಮ್ಮನ ಕಾಲು ನಿಂತಿತು. ನಿಂತ ಮೇಲೆ ಕೇಳಿಸಿತು. ಗಿಟಾರು ಗುಡುಗಲಿ, ಜನ ಕುಣಿಯಲಿ, ಅತ್ತೆ ನೆಲ ಗುದ್ದಲಿ, ಡ್ರಮ್ಮು ಮಾತ್ರ ಶುರುವಾದ ಹೆಜ್ಜೆಯಲ್ಲೇ ಹೋಗುತ್ತಿತ್ತು. ಗಡ್ಡದವನು ಒಂದೆರಡು ಕಡೆ ಮುಂದೆ ಜಿಗಿದವನು ತಾನಾಗಿಯೇ ಹಿಂದೆ ಬಂದು ಅದಕ್ಕೆ ಸೇರಿಕೊಂಡ. ಕಲಿತ ಮೇಲೆ ನಲವತ್ತು ವರ್ಷದಲ್ಲಿ ಮೊದಲ ಸಲ ಟೈಲರಮ್ಮನ ಕಾಲು ತಪ್ಪಿತ್ತು. ಅವಳಿಗೆ ಒಂಚೂರೂ ಬೇಸರವಾಗಲಿಲ್ಲ. ಎರಡು ಗುದ್ದು ಕಾದು, ಮೂರನೆಯದಕ್ಕೆ ಮೆಲ್ಲಗೆ ಕಾಲಿಟ್ಟು, ಸೊಸೆಯ ಹಿಂದೆ ಹಿಂದೆ ಕೊನೆಯವರೆಗೂ ತುಳಿದಳು. ಕಣ್ಣು ಮತ್ತೆ ಮಂಜಾಗಿತ್ತು, ಆಸ್ಪತ್ರೆಯ ಹನಿ ಇಲ್ಲದೆಯೇ.

ಹಾಡು ಮುಗಿದು ಕೂಗಾಟ ಇಳಿದ ಮೇಲೆ, ಎತ್ತರದ ಆಳು ವೇದಿಕೆಯ ಹತ್ತಿರ ಹೋಗಿ ಸೊಸೆಯ ಕೈ ಕುಲುಕಿ ಹೊರಟುಹೋದ. ಗಡ್ಡದವನು ತಂತಿ ಸುತ್ತುತ್ತ ಕೇಳಿದ: "ಮುಂದಿನ ತಿಂಗಳು ಹದಿನೇಳಕ್ಕೆ ಇನ್ನೊಂದಿದೆ. ಬರ್ತೀಯ ತಾನೇ?"

"ಮನೇಲಿ ಕೇಳಿ ಹೇಳ್ತೀನಿ," ಎಂದು ಸೊಸೆ ಅತ್ತೆಯ ಕಡೆ ನೋಡಿ ನಕ್ಕಳು.

ಮನೆಗೆ ಬಸ್ಸಿನಲ್ಲಿ ಹೊರಟರು. ಕಂಡಕ್ಟರು ಅಭ್ಯಾಸಬಲದಿಂದ ಬಾಗಿಲ ಹತ್ತಿರವೇ ನಿಂತ. ಮಗ ದೊಡ್ಡ ಡ್ರಮ್ಮನ್ನು ತಬ್ಬಿಕೊಂಡು ಹಿಂದಿನ ಸೀಟಿನಲ್ಲಿ ಕೂತ. ಅದಕ್ಕೆ ಲಗೇಜ್ ಟಿಕೆಟ್ ಆಗಿಯೇ ಆಯಿತು. ಅತ್ತೆ ಸೊಸೆ ಒಂದೇ ಸೀಟಿನಲ್ಲಿ. ಎರಡು ಸ್ಟಾಪು ಹೋದವು.

"ಅತ್ತೆ."

"ಏನು?"

"ಬಟ್ಟೆ ಎಳೆದ್ರಿ."

ಟೈಲರಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು. ಭುಜ ಅಲುಗುತ್ತಿತ್ತು. ನಗು ತಡೆಯಲಾರದೆ ಸೊಸೆಯ ತೊಡೆಗೊಂದು ಏಟು ಕೊಟ್ಟಳು.

"ಎಳೆದೆ ಕಣೇ. ಸೂಜಿ ಮುರೀಲಿಲ್ಲ ತಾನೇ?"